ಮೌಸ್ ಕೈಕೊಟ್ಟಾಗ

(ಸೈಬರ್ ಸೆಂಟರ್. ಮಾಲೀಕ ಪುಟ್ಟರಾಜು ಮೌಸನ್ನು ಮೇಜಿಗೆ ಕುಟ್ಟುತ್ತಿದ್ದಾನೆ. ಪಿಂಚಣಿ ಅರ್ಜಿ ಹಾಕಲು ಬಂದ ಗಿರಿಜಮ್ಮ ಸ್ಟೂಲಿನ ಮೇಲೆ. ಕಣ್ಣು ಕಾಣದ ಶಿವಣ್ಣ ಮೇಷ್ಟ್ರು ಪಕ್ಕದಲ್ಲಿ, ಲ್ಯಾಪ್‌ಟಾಪ್ ಮುಂದೆ, ಹೆಡ್‌ಫೋನ್ ಹಾಕಿಕೊಂಡು.)

ಪುಟ್ಟರಾಜು: ನಾಳೆ ಬನ್ನಿ ಗಿರಿಜಮ್ಮ, ಮೌಸ್ ಹೋಯ್ತು.

ಗಿರಿಜಮ್ಮ: ಮೊನ್ನೆ ಕರೆಂಟ್ ಹೋಯ್ತು, ನಿನ್ನೆ ಸರ್ವರ್ ಹೋಯ್ತು. ನಿನ್ನ ಅಂಗಡೀಲಿ ಹೋಗದೆ ಕೂತಿರೋದು ನಾನೊಬ್ಬಳೇ ಕಣಪ್ಪ.

ಮೇಷ್ಟ್ರು: ಕೀಬೋರ್ಡ್ ಇದೆಯಲ್ಲೋ! ನಾನೂ ಅದೇ ಸೈಟಲ್ಲಿದ್ದೀನಿ, ಮೌಸ್ ಮುಟ್ಟೇ ಇಲ್ಲ.

ಪುಟ್ಟರಾಜು: ಅದು ನಿಮಗೆ ಸಾರ್. ನನಗೆ ಕಣ್ಣಿದೆ.

ಮೇಷ್ಟ್ರು: ಕಣ್ಣಿದ್ದೂ ‘ನಾಳೆ ಬಾ’ ಅಂತಿದ್ದೀಯಲ್ಲ. ಟ್ಯಾಬ್ ಒತ್ತು.

ಪುಟ್ಟರಾಜು: ‘ಮುಖ್ಯ ವಿಷಯಕ್ಕೆ ತೆರಳಿ’ ಅಂತ ಮೇಲೆ ಏನೋ ಇಣುಕ್ತು! ಇಷ್ಟು ದಿನ ಎಲ್ಲಿತ್ತು ಇದು?

ಮೇಷ್ಟ್ರು: ಅಲ್ಲೇ. ಟ್ಯಾಬ್ ಒತ್ತಿದವರಿಗೆ ಮಾತ್ರ ಮುಖ ತೋರಿಸುತ್ತೆ. ಎಂಟರ್ ಹೊಡಿ, ಮೆನು, ಮಂತ್ರಿಗಳ ಫೋಟೋ ಎಲ್ಲ ದಾಟಿ ಸೀದಾ ಅರ್ಜಿಗೆ ಹೋಗ್ತೀಯ.

ಗಿರಿಜಮ್ಮ: ಮಂತ್ರಿಗಳನ್ನ ದಾಟಿ ಕೆಲಸ ಆಗುತ್ತಾ? ಕಚೇರೀಲೂ ಒಂದು ಇಡ್ಸಿ ಮೇಷ್ಟ್ರೇ.

ಮೇಷ್ಟ್ರು: ಹಿಂದಕ್ಕೆ ಬರೋಕೆ ಶಿಫ್ಟ್ ಹಿಡಿದು ಟ್ಯಾಬ್. ಟಿಕ್ ಹಾಕೋಕೆ ಸ್ಪೇಸ್. ಜಿಲ್ಲೆ ಪಟ್ಟೀಲಿ ಎಂ ಒತ್ತು.

ಪುಟ್ಟರಾಜು: ಮಂಡ್ಯ ಬಂತು.

ಮೇಷ್ಟ್ರು: ಇನ್ನೊಂದ್ಸಲ.

ಪುಟ್ಟರಾಜು: ಮೈಸೂರು!

ಗಿರಿಜಮ್ಮ: ಬಸ್ಸಿಗಿಂತ ಬೇಗ ಬಂತಲ್ಲ.

ಪುಟ್ಟರಾಜು: ನಿಮ್ಮ ಕಿವೀಲಿ ಗೊಣಗ್ತಿರೋದು ಏನು ಸಾರ್?

ಮೇಷ್ಟ್ರು: ಎನ್‌ವಿಡಿಎ. ಪರದೆ ಮೇಲಿರೋದನ್ನ ಓದಿ ಹೇಳುತ್ತೆ, ಪುಕ್ಕಟೆ. 2006ರಲ್ಲಿ ಶುರು ಮಾಡಿದ ಆಸ್ಟ್ರೇಲಿಯಾದ ಮೈಕಲ್ ಕರನ್‌ಗೂ ಕಣ್ಣು ಕಾಣಲ್ಲ. ಎಚ್ ಒತ್ತಿದ್ರೆ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತೆ. ಕೆ ಅಂದ್ರೆ ಲಿಂಕು, ಟಿ ಅಂದ್ರೆ ಟೇಬಲ್, ಬಿ ಅಂದ್ರೆ ಬಟನ್. ಕೇಳು. (ಹೆಡ್‌ಫೋನ್ ಕೀಳುತ್ತಾರೆ.)

ಲ್ಯಾಪ್‌ಟಾಪ್: ಬಟನ್. ಬಟನ್. ಬಟನ್.

ಗಿರಿಜಮ್ಮ: ಟೈಲರ್ ಅಂಗಡೀನಾ ಇದು?

ಮೇಷ್ಟ್ರು: ಬಟನ್ ಮೇಲೆ ಚಿತ್ರ ಅಂಟಿಸಿದ್ದಾರೆ, ಹೆಸರು ಕೊಟ್ಟಿಲ್ಲ. ಯಾವುದು ‘ಸಲ್ಲಿಸು’, ಯಾವುದು ‘ಅಳಿಸು’, ದೇವರೇ ಬಲ್ಲ.

ಪುಟ್ಟರಾಜು: ಅಯ್ಯೋ, ಹುಟ್ಟಿದ ತಾರೀಕಿಗೆ ಕ್ಯಾಲೆಂಡರ್ ತೆರೀತು, ಮುಚ್ಚಲ್ಲ ಅಂತಿದೆ! ಟ್ಯಾಬ್ ಒತ್ತಿದ್ರೆ ಅದರೊಳಗೇ ಗಿರಕಿ ಹೊಡೀತಿದೆ.

ಮೇಷ್ಟ್ರು: ಎಸ್ಕೇಪ್?

ಪುಟ್ಟರಾಜು: ಜಪ್ಪಯ್ಯ ಅಂದ್ರೂ ಜಗ್ಗಲ್ಲ.

ಮೇಷ್ಟ್ರು: ಇದಕ್ಕೆ ಕೀಬೋರ್ಡ್ ಬೋನು ಅಂತಾರೆ. ಒಳಗೆ ಬಿಟ್ಟ ಮೇಲೆ ಹೊರಗೆ ಬರೋಕೂ ಕೀಲಿಯಲ್ಲೇ ದಾರಿ ಇರಬೇಕು ಅಂತ ವೆಬ್‌ಸೈಟ್ ಎಲ್ಲರ ಕೈಗೂ ಎಟುಕಲಿ ಅಂತ ಮಾಡಿದ 2008ರ ಡಬ್ಲ್ಯೂಸಿಎಜಿ 2.0 ನಿಯಮ ಹೇಳುತ್ತೆ.

ಪುಟ್ಟರಾಜು: ಹಾಗಾದ್ರೆ ಕಣ್ಣಿರೋ ನಾನೂ ಬೋನಲ್ಲಿ ಬಿದ್ನಾ?

ಮೇಷ್ಟ್ರು: ಬಾರಪ್ಪ, ಜಾಗ ಬೇಕಾದಷ್ಟಿದೆ. ಎಫ್5 ಒತ್ತು, ಹೊರಗೆ ಬರ್ತೀಯ.

ಪುಟ್ಟರಾಜು: ಬಂದೆ. ತುಂಬಿಸಿದ್ದೆಲ್ಲ ಅಳಿಸಿಹೋಯ್ತು!

ಗಿರಿಜಮ್ಮ: ನಾನು ಹುಟ್ಟಿದ್ದೇ ಸುಳ್ಳು ಅನ್ನುತ್ತೋ ಏನೋ ಇದು. ಮೊದಲು ಒಂದು ದೂರು ಬರಿ.

ಪುಟ್ಟರಾಜು: ಮೂಲೇಲಿ ‘ಅಭಿಪ್ರಾಯ ತಿಳಿಸಿ’ ಅಂತಿದೆ. ಆದ್ರೆ ಟ್ಯಾಬ್ ಅದರ ಹತ್ರಾನೇ ಸುಳೀತಿಲ್ಲ ಸಾರ್!

ಮೇಷ್ಟ್ರು: ಸುಳಿಯಲ್ಲ. ಅಲ್ಲಿ ದೂರು ಹೇಳೋಕೆ ಮೌಸ್ ಇರೋನೇ ಬರಬೇಕು. ಮೌಸ್ ಇರೋನಿಗೆ ದೂರೇ ಇರಲ್ಲ.