ಫ್ಯಾನ್ ತಿರುಗಿದ್ರ ಸಾಕೇನ್ರಿ?

ಅಕ್ಕಾ, ಕಂಪ್ಯೂಟರ್ ಚಾಲೂ ಆಗವಲ್ದು ಅಂತ ನಿಮ್ಮ ಹುಡುಗ ಸ್ಕ್ರೂಡ್ರೈವರ್ ಹಿಡಕೊಂಡು ಕುಂತಾನಲ್ಲ, ಮೊದ್ಲು ಅವನ್ನ ತಡೀರಿ. ಕಂಪ್ಯೂಟರಿಗೆ ಕರೆಂಟ್ ಕೊಡೂ ಆ ಎಸ್‌ಎಂಪಿಎಸ್ ಡಬ್ಬಿ ಬಿಚ್ಚಬಾರದ್ರಿ. ಒಳಗ ದೊಡ್ಡ ಕೆಪಾಸಿಟರ್‌ನಾಗ ಸುಮಾರು 320 ವೋಲ್ಟ್ ಇರ್ತದ. ಪ್ಲಗ್ ಕಿತ್ತಮ್ಯಾಲೂ ಒಮ್ಮೊಮ್ಮೆ ಉಳದಿರ್ತದ, ಜೀವಕ್ಕ ಕುತ್ತು.

ಮಟಮಾರಿಯಿಂದ ರಾಯಚೂರಿಗೆ ಡಬ್ಬಿ ಹೊತ್ತುಕೊಂಡು ಹೋಗೋಕಿಂತ ಮೊದ್ಲು ಮನ್ಯಾಗ ಬಿಚ್ಚದಂಗನ ನೋಡ್ಲಿಕ್ಕೆ ಬರ್ತದ. ಪ್ಲಗ್ ತೆಗದು, ಮದರ್‌ಬೋರ್ಡಿಗೆ, ಹಾರ್ಡ್ ಡಿಸ್ಕಿಗೆ ಹೋದ ವೈರೆಲ್ಲ ಕಳಚಲಿ. ಹಳೇ ಡಿವಿಡಿ ಡ್ರೈವ್ ಇದ್ರ ಅದೊಂದನ್ನ ಹಚ್ಚಲಿ. ಲೋಡ್ ಇಲ್ದ ಕೆಲವು ಹಳೇ ಡಬ್ಬಿ ಚಾಲೂನ ಆಗಂಗಿಲ್ಲ. 24 ತೂತಿನ ಅಗಲ ಕನೆಕ್ಟರ್‌ನಾಗ ಹಸಿರು ವೈರು ಒಂದ ಇರ್ತದ. ಜೆಮ್ ಕ್ಲಿಪ್ ಬಗ್ಗಿಸಿ, ಒಂದು ತುದಿ ಹಸಿರಿಗೆ, ಇನ್ನೊಂದು ಬಾಜೂಕಿನ ಕಪ್ಪಿಗೆ. ಕ್ಲಿಪ್ ಹಾಕೂದು, ತೆಗ್ಯೂದು ಎರಡೂ ಪ್ಲಗ್ ಕಿತ್ತಾಗನ. ವೈರೆಲ್ಲಾ ಕಪ್ಪಾಗಿದ್ರ ಅಂದಾಜಿನ ಮ್ಯಾಲೆ ಚುಚ್ಚಬಾರದು.

ಕ್ಲಿಪ್ ಹಾಕಿ ಪ್ಲಗ್ ಹಚ್ಚಿದಾಗ ಡಬ್ಬಿ ಫ್ಯಾನ್ ತಿರುಗಿದ್ರ ಎಲ್ಲಾ ಸರಿ ಅದ ಅಂತಾರ ಭಾಳ ಮಂದಿ. ನಾ ಒಪ್ಪಂಗಿಲ್ಲ. 12 ವೋಲ್ಟ್ ಬರಬೇಕಾದಲ್ಲಿ 10 ಬಂದ್ರೂ ಫ್ಯಾನ್ ತಿರುಗ್ತದ, ಮದರ್‌ಬೋರ್ಡ್ ಮಾತ್ರ ಏಳಂಗಿಲ್ಲ. ಮಲ್ಟಿಮೀಟರ್ ಡಿಸಿ 20ಕ್ಕ ಇಟ್ಟು, ಕಪ್ಪು ಕಡ್ಡಿ ಕಪ್ಪು ವೈರಿಗೆ ಹಿಡೀರಿ. ಹಳದಿಯಾಗ 11.4ರಿಂದ 12.6, ಕೆಂಪಿನಾಗ 4.75ರಿಂದ 5.25, ಕಿತ್ತಳೆಯಾಗ 3.14ರಿಂದ 3.47 ಬರಬೇಕು. ಅಷ್ಟೂ ಬಂದು, ಲೋಡ್ ಬಿದ್ದಾಗ ಕುಸಿಯೂ ಡಬ್ಬಿನೂ ಅವ. ಆವಾಗ ಯಾರದಾರ ಛಲೋ ಎಸ್‌ಎಂಪಿಎಸ್ ಹಚ್ಚಿ ನೋಡೂದ ದಾರಿ.

ನನಗ ಅದಕ್ಕಿಂತ ಚಿಂತಿ ನಿಮ್ಮ ಗೋಡಿ ಸಾಕೆಟ್ಟಿಂದು. ಶಕ್ತಿನಗರದಾಗ 1985ರಿಂದ ಕರೆಂಟ್ ಮಾಡ್ತಾರ, ಈಗ 1,720 ಮೆಗಾವ್ಯಾಟ್ ತಾಕತ್ತಿನ ಸ್ಥಾವರ ಅದು. ಅಷ್ಟು ಹತ್ರ ಇದ್ರೂ ನಮ್ಮ ಮನಿಗಳಾಗ ಅರ್ಥಿಂಗ್ ಯಾರೂ ನೋಡಂಗಿಲ್ಲ. ಕ್ಯಾಬಿನೆಟ್ ಮುಟ್ಟಿದ್ರ ಬೆರಳು ಚುರುಚುರು ಅಂತಿತ್ತು ಅಂದ್ರಲ್ಲ ಮೊನ್ನೆ? ಮೂರನೇ ಪಿನ್ನಿಗೆ ಅರ್ಥ್ ಸಿಗವಲ್ದು ಅಂತ ಅದು ತೋರಸ್ತದ. ಬ್ಯಾಸಗ್ಯಾಗ ನಮ್ಮ ಕರಿ ಮಣ್ಣು ಒಣಗಿ ಬಿರಿತದ, ಅರ್ಥ್ ಗುಂಡಿಯೊಳಗಿನ ತೇವ ಹೋಗ್ತದ. ಎರಡು ಕೊಡ ನೀರು ಹಾಕ್ರಿ. ಅದಕ್ಕೂ ಚುರುಚುರು ನಿಲ್ಲಲಿಲ್ಲ ಅಂದ್ರ ಎಲೆಕ್ಟ್ರೀಷಿಯನ್ ಬರೂತನಕ ಆ ಸಾಕೆಟ್ಟಿಗೆ ಹುಡುಗನ್ನ ಹೋಗಾಕ ಬಿಡಬ್ಯಾಡ್ರಿ.