ಬೀಟೆಮರ, ಎಫ್ ಕಾರ್ಡು ಮತ್ತು ಅಪ್ಪಯ್ಯ

ಯಲ್ಲಾಪುರದ ಕಡೆಯ ಮಾಣಿಗಳು ಅಮೆರಿಕ ಸೇರಿದ್ದಕ್ಕೆ ದೊಡ್ಡ ದೊಡ್ಡ ಕಾರಣ ಹೇಳುವುದುಂಟು. ನನ್ನದು ಒಂದೇ: ಅಡಿಕೆ ಸುಲಿಯುವುದು ತಪ್ಪಲಿ ಅಂತ. ಕೊಯ್ಲಿನ ಕಾಲದಲ್ಲಿ ರಾತ್ರಿ ಊಟ ಮುಗಿಸಿ ಮೆಟ್ಟುಗತ್ತಿಯ ಮುಂದೆ ಕೂತರೆ, ತಾಳಮದ್ದಲೆ ಕ್ಯಾಸೆಟ್ಟಿನ ಎರಡೂ ಬದಿ ಮುಗಿದರೂ ಏಳುವಂತಿರಲಿಲ್ಲ. ಬೆರಳ ತುದಿ ಮೊದಲು ಕಪ್ಪಾಗಿ, ಆಮೇಲೆ ಬಿರಿದು, ಕೊನೆಗೆ ಜಡ್ಡುಗಟ್ಟುತ್ತಿತ್ತು. ನ್ಯೂಜೆರ್ಸಿಯಲ್ಲಿ ಕೀಬೋರ್ಡು ಕುಟ್ಟಿ ಕುಟ್ಟಿ ಅದೇ ಬೆರಳು ಬೆಣ್ಣೆಯಾಗಿದೆ. ಅದನ್ನು ಮತ್ತೆ ಜಡ್ಡುಗಟ್ಟಿಸಲು ಈಗ ಅರ್ಧ ಗಂಟೆಗೆ 40 ಡಾಲರ್ ಕೊಡುತ್ತಿದ್ದೇನೆ. ಇದಕ್ಕೆ ಗಿಟಾರ್ ಕಲಿಯುವುದು ಅನ್ನುತ್ತಾರೆ.

ಹುಚ್ಚು ಹಳೆಯದು. 1981ರ ‘ಗೀತಾ’ ಚಿತ್ರದಲ್ಲಿ ಶಂಕರ್‌ನಾಗ್ ಗಿಟಾರ್ ಹಿಡಿದದ್ದನ್ನು ನೋಡಿದವರಿಗೆಲ್ಲ ಹತ್ತಿದ್ದೇ. ನಮಗೆ ಒಂದು ಪಾಲು ಹೆಚ್ಚು, ಯಾಕೆಂದರೆ ಅವರು ನಮ್ಮದೇ ಜಿಲ್ಲೆಯ ಹೊನ್ನಾವರದವರು. ಘಟ್ಟದ ಕೆಳಗಿನವರಿಗೆ ಆಗುವುದಾದರೆ ಮೇಲಿನವರಿಗೆ ಯಾಕಾಗದು! ಕನ್ನಡ ಕೂಟದ ರಾಜ್ಯೋತ್ಸವಕ್ಕೆ ‘ಭಾವಗೀತೆ, ಜೊತೆಗೆ ಗಿಟಾರ್’ ಎಂದು ಹೆಂಡತಿ ನನ್ನ ಹೆಸರು ಬರೆಸಿ ಬಂದ ಮೇಲೆ ತಪ್ಪಿಸಿಕೊಳ್ಳಲು ದಾರಿಯೂ ಉಳಿಯಲಿಲ್ಲ.

ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಒಣಗಾಳಿಗೆ ಗಿಟಾರಿನ ಮರ ಬಿರಿಯುತ್ತದಂತೆ. ಕೋಣೆಯ ತೇವಾಂಶ ಶೇಕಡಾ 45-50 ಇರಬೇಕು ಎಂದು ಅದಕ್ಕೊಂದು ಯಂತ್ರ ತಂದಿಟ್ಟೆವು. ಫೋನಿನಲ್ಲಿ ಕೇಳಿದ ಅಪ್ಪಯ್ಯ, “ನಮ್ಮನೆ ಅಟ್ಟಕ್ಕೆ ತಂದಿಡು ತಮಾ, ಮಳೆಗಾಲದಲ್ಲಿ ತೇವ ಬೇಕಾದಷ್ಟು ಸಿಗ್ತು, ಪುಕ್ಕಟೆ” ಅಂದ.

ಕೊಯ್ಲು ಮುಗಿಸಿ, ಅಡಿಕೆ ಮಾರಿ ಅಪ್ಪಯ್ಯ ಇಲ್ಲಿಗೇ ಬಂದ. ಗಿಟಾರನ್ನು ಅವನು ನುಡಿಸಿ ನೋಡಲಿಲ್ಲ. ಮಗುಚಿ ಹಾಕಿ, ಬೆನ್ನನ್ನು ಗೆಣ್ಣಿನಿಂದ ಕುಟ್ಟಿ, ಕನ್ನಡಕ ಏರಿಸಿ ಗೆರೆ ನೋಡಿದ.

“ಬೀಟೆ ಅಲ್ದನಾ ಇದು?”

ಹೌದು, ಬೀಟೆಯೇ. ಬ್ರೆಜಿಲ್ ತನ್ನ ಮರದ ದಿಮ್ಮಿ ಹೊರಗೆ ಬಿಡುವುದನ್ನು ಬಿಗಿ ಮಾಡಿದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಹೊರಳಿತು. ಅಲ್ಲಿಂದೀಚೆಗೆ ಎಷ್ಟೋ ಒಳ್ಳೆಯ ಗಿಟಾರುಗಳ ಬೆನ್ನು-ಪಕ್ಕೆಗೆ ಇದೇ ಮರ.

“ಪಾಸ್ ಇದ್ದಾ?” ಅಪ್ಪಯ್ಯ ದನಿ ತಗ್ಗಿಸಿದ. ತನ್ನದೇ ಬೆಟ್ಟದಲ್ಲಿ ಬಿದ್ದ ಬೀಟೆಯ ಕೊಂಬೆಯನ್ನೂ ಫಾರೆಸ್ಟಿನವರಿಗೆ ಹೆದರಿ ಮುಟ್ಟದೆ ಬದುಕಿದ ಜೀವ ಅದು. ನಾನು ಸಮಾಧಾನ ಹೇಳಿದೆ. 2017ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಗಡಿ ದಾಟಿಸಲು ಕಾಗದಪತ್ರ ಬೇಕಾಗಿತ್ತು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿದೆ. ಅಪ್ಪಯ್ಯ ಸ್ವಲ್ಪ ಹೊತ್ತು ಯೋಚಿಸಿದ.

“ಹಂಗಾರೆ ನಮ್ಮನೆ ಕದಕ್ಕೂ ಎರಡು ತಂತಿ ಬಿಗಿದು ಬಿಡ್ಲಕ್ಕು.”

ಮರದ ವಿಚಾರಣೆ ಮುಗಿದ ಮೇಲೆ ಶ್ರುತಿಯದು. ಇ, ಎ, ಡಿ, ಜಿ, ಬಿ, ಮತ್ತೆ ಇ ಎಂದು ಒಂದೊಂದಾಗಿ ಮೀಟಿ ತೋರಿಸಿದೆ. ಆರು ತಂತಿ ಹೀಗೆ ಬೇರೆ ಬೇರೆ ಹೇಳಿದರೆ ಭಾಗವತ ಜಾಗಟೆ ಕೆಳಗಿಟ್ಟು ಎದ್ದು ಹೋಗುತ್ತಾನೆ ಎಂದು ತೀರ್ಪಾಯಿತು. ನಾನು ಕ್ಯಾಪೊ ಎಂಬ, ತಂತಿ ಒತ್ತಿ ಹಿಡಿಯುವ ಕ್ಲಿಪ್ಪನ್ನು ಮೂರನೇ ಮನೆಗೆ ಕಚ್ಚಿಸಿ ಸಿ ಕಾರ್ಡು ಹಿಡಿದೆ. ಅದು ಸರಿಯಾಗಿ ಹಾರ್ಮೋನಿಯಮ್ಮಿನ ಕಪ್ಪು ಎರಡು. ಅಪ್ಪಯ್ಯನ ಮುಖ ಅರಳಿತು. ಮರುದಿನದಿಂದ ಭಾವಗೀತೆ ಹಿಂದೆ ಬಿದ್ದು, ಬೆಳಗಿನ ಚಾ ಮುಗಿಯುವ ಮೊದಲೇ ಗಣಪತಿ ಪೂಜೆಯ ಪದ ಶುರುವಾಯಿತು. ಮಗಳು ಹೆಡ್‌ಫೋನ್ ಹಾಕಿಕೊಂಡು ಮಹಡಿ ಹತ್ತಿದಳು.

ಇಷ್ಟರಲ್ಲಿ ಎಫ್ ಕಾರ್ಡು ಬಂತು. ಗಿಟಾರ್ ಕೊಂಡವರಲ್ಲಿ ಅನೇಕರು ಅದನ್ನು ಮಂಚದ ಕೆಳಗೆ ತಳ್ಳುವುದು ಇದೇ ಹಂತದಲ್ಲಿ. ತೋರುಬೆರಳೊಂದನ್ನೇ ಅಡ್ಡ ಮಲಗಿಸಿ ಮೊದಲ ಮನೆಯಲ್ಲಿ ಆರೂ ಉಕ್ಕಿನ ತಂತಿ ಒತ್ತಬೇಕು. ಉಳಿದ ಮೂರು ಬೆರಳಿಗೆ ಬೇರೆ ಕೆಲಸ. ನನ್ನ ಕೈಯಲ್ಲಿ ಬಂದದ್ದು ‘ಠಪ್’ ಎಂಬ ಒಂದೇ ಸದ್ದು. ಪರದೆಯ ಮೇಲಿನ ಗಿಟಾರ್ ಮಾಸ್ತರ್ ನನ್ನ ಅರ್ಧ ವಯಸ್ಸಿನವನು, ಬಹಳ ತಾಳ್ಮೆಯವನು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೆ ತುದಿ ಗಟ್ಟಿಯಾಗುತ್ತದೆ ಎಂದ.

ಕೇಳುತ್ತ ಕೂತಿದ್ದ ಅಪ್ಪಯ್ಯ, “ತಾ ಇಲ್ಲಿ” ಎಂದು ಗಿಟಾರ್ ಕಸಿದುಕೊಂಡ. ಬೆರಳುಗಳನ್ನು ನಾನೇ ಜಾಗಕ್ಕೆ ಕೂರಿಸಿದೆ. ಅರುವತ್ತು ವರ್ಷ ಅಡಿಕೆ ಸುಲಿದ ಬೆರಳು. ತಂತಿ ಅದನ್ನು ಕೊಯ್ಯುವುದಿರಲಿ, ಅದರಲ್ಲಿ ಗೆರೆ ಕೂಡ ಮೂಡಿಸಲಿಲ್ಲ. ನಾನು ಮೀಟಿದೆ. ಆರರಲ್ಲಿ ಐದು ತಂತಿ ಖಣಖಣ ನುಡಿದವು.

ಮಾಸ್ತರ್ ಕುರ್ಚಿಯಿಂದ ಮುಂದೆ ಬಾಗಿ, ಇವರು ಎಲ್ಲಿ ಕಲಿತವರು ಎಂದು ಕೇಳಿದ. ನಾನು ಅಡಿಕೆ, ಮೆಟ್ಟುಗತ್ತಿ ಎಲ್ಲ ವಿವರಿಸಿದೆ. ಅಪ್ಪಯ್ಯ ತಡೆದ.

“ಉದ್ದ ಎಂತಕ್ಕೆ? ಕೊಯ್ಲಿಗೆ ಬಪ್ಲೆ ಹೇಳು ಅವಂಗೆ. ಡಾಲರ್ ಬೇಡ. ಊಟ, ಆಸರಿ ಆನೇ ಕೊಡ್ತಿ.”

ಅನುವಾದಿಸಿ ಹೇಳಿದೆ, ನಗಲಿ ಎಂದು. ಅವನು ನಗಲಿಲ್ಲ. ಯಾವ ವಿಮಾನ ನಿಲ್ದಾಣದಲ್ಲಿ ಇಳಿಯಬೇಕು ಎಂದು ಕೇಳಿದ.

“ಹುಬ್ಬಳ್ಳಿ,” ಒಳಗಿನಿಂದ ಇವಳೇ ಕೂಗಿದಳು, “ಹೋಗುವಾಗ ನಮ್ಮನೆಯವರನ್ನೂ ಕರೆದುಕೊಂಡು ಹೋಗಲಿಕ್ಕೆ ಹೇಳಿ!”