ಕೈಪೆಡಲ್ ತ್ರಿಚಕ್ರ ಮೀಮಾಂಸೆ (ತೆರಕಣಾಂಬಿ ಪಾಠಾಂತರ ಸಹಿತ)

ಕಾಲು ಚಾಚಿ ಕೂತು ಮೂರು ಚಕ್ರದ ಮೇಲೆ ಸಾಗುವ ವಾಹನವೇ ಸೈಕಲ್ ಕುಲಕ್ಕೆ ಆದಿಪುರುಷ ಎಂಬುದನ್ನು ಮೊದಲು ಸ್ಥಾಪಿಸಿ ಮುಂದುವರಿಯುತ್ತೇವೆ. 1655ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಸೀಮೆಯ ಗಡಿಯಾರ ಕುಶಲಿ ಸ್ಟೀಫನ್ ಫಾರ್ಫ್ಲರ್, ನಡೆಯಲಾಗದವನು, ಕೈಯಿಂದ ತಿರುಗಿಸುವ ಮೂರು ಗಾಲಿಯ ಕುರ್ಚಿಯನ್ನು ತನಗೆಂದು ತಾನೇ ಮಾಡಿಕೊಂಡ. ಡ್ರೈಸ್ ಎಂಬಾತ ಎರಡು ಚಕ್ರದ ಯಂತ್ರವನ್ನು ಹೊರತಂದದ್ದು 1817ರಲ್ಲಿ. ಆದ್ದರಿಂದ ಈಗಿನ ಸೈಕಲ್ ಎಂಬುದು ಒಂದು ಚಕ್ರ ಕಳಚಿಬಿದ್ದ ಮೇಲೂ ರಿಪೇರಿ ಮಾಡಿಸದೆ ಓಡಿಸಿಕೊಂಡು ಬಂದ ತ್ರಿಚಕ್ರವೆಂದೇ ತಿಳಿಯತಕ್ಕದ್ದು.

ಇದನ್ನು ಒಪ್ಪದ ಪೂರ್ವಪಕ್ಷದವರೂ ಇದ್ದಾರೆ. 1933ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಫೋರ್ ಒರಗಿ ಕೂತು ತುಳಿಯುವ ಸೈಕಲ್ಲಿನಲ್ಲಿ ಗಂಟೆಗೆ 45 ಕಿ.ಮೀ. ದಾಟಿ ದಾಖಲೆ ಮುರಿದ. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸೈಕಲ್ಲಿನ ವ್ಯಾಖ್ಯೆಯನ್ನು ಬಿಗಿಮಾಡಿ ಅಂಥ ಗಾಡಿಗಳನ್ನು ಸ್ಪರ್ಧೆಯಿಂದ ಹೊರಗಟ್ಟಿತು. ಆರಾಮಾಗಿ ಕೂತವನು ಗೆದ್ದುಬಿಟ್ಟರೆ ಬಗ್ಗಿ ತುಳಿದವರ ಪಾಡೇನು?

ಪ್ರಸ್ತುತ ಅಧ್ಯಯನದ ಮೂಲಪ್ರತಿ ತೆರಕಣಾಂಬಿಯಲ್ಲಿರುವ ನಮ್ಮ ಸೋದರಮಾವನ ಕೈಪೆಡಲ್ ಗಾಡಿ. ಪೆಡಲನ್ನು ಕೈಯಲ್ಲಿ ತಿರುಗಿಸಿದರೆ ಚೈನು ಮುಂದಿನ ಚಕ್ರವನ್ನು ಎಳೆಯುತ್ತದೆ. ಹಿಂದಿನ ಎರಡು ಚಕ್ರಗಳು ಮಾವನನ್ನೂ, ಸಂತೆಯ ಚೀಲವನ್ನೂ, ಕೆಲವೊಮ್ಮೆ ನನ್ನನ್ನೂ ಹೊರುತ್ತವೆ. ಕಾರ್ಖಾನೆಯ ತಗಡಿನ ಅಕ್ಷರ ಸವೆದಿರುವುದರಿಂದ ಕಾಲನಿರ್ಣಯ ಸಾಧ್ಯವಾಗಿಲ್ಲ. ಗಾಡಿ ಕೊಟ್ಟ ದಿನ ಹಾರ, ಫೋಟೊ, ಭಾಷಣ ಮೂರೂ ಇದ್ದವು, ಸ್ಪ್ಯಾನರ್ ಮಾತ್ರ ಇರಲಿಲ್ಲ ಎಂಬುದು ಮೌಖಿಕ ಪರಂಪರೆ. ಶಾಸ್ತ್ರ ಹುಟ್ಟಿದ್ದು ಆ ಕೊರತೆಯಿಂದ.

ಮೊದಲನೆಯದು ತ್ರಿರೇಖಾ ನ್ಯಾಯ. ಎರಡು ಚಕ್ರದವನು ಗುಂಡಿ ತಪ್ಪಿಸಲು ಒಂದು ಗೆರೆ ಹುಡುಕಿಕೊಂಡರೆ ಸಾಕು. ಮೂರು ಚಕ್ರದವನಿಗೆ ಮೂರು ಗೆರೆ ಬೇಕು. ಗುಂಡಿಯಿಲ್ಲದ ಮೂರು ಗೆರೆಗಳು ಅಕ್ಕಪಕ್ಕದಲ್ಲೇ ಇರುವ ರಸ್ತೆ ನಮ್ಮ ಕಡೆ ಉತ್ಖನನದಲ್ಲಿ ಇನ್ನೂ ಸಿಕ್ಕಿಲ್ಲ. ಮೇಲಾಗಿ ಸೈಕಲ್ ತಿರುವಿನಲ್ಲಿ ಓರೆಯಾಗಿ ಬಾಗುತ್ತದೆ, ತ್ರಿಚಕ್ರ ಬಾಗುವುದಿಲ್ಲ. ಅಡ್ಡ ಒತ್ತಡವೆಲ್ಲ ಕಡ್ಡಿಗಳ ಮೇಲೆ ಬಿದ್ದು ರಿಮ್ಮು ಬೆಂಡಾಗುತ್ತದೆ. ಪರೀಕ್ಷೆ ಸುಲಭ: ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಬೇಕು. ಬಿಗಿ ಇದ್ದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಬರೀ ಗೊಣಗುತ್ತದೆ.

ಹುರುಳಿ ಕೊಯ್ಲಿನ ಕಾಲದಲ್ಲಿ ಗುಂಡ್ಲುಪೇಟೆ ರಸ್ತೆಯೇ ಕಣ. ಡಾಂಬರಿನ ಮೇಲೆ ಹರಡಿದ ಬಳ್ಳಿಯನ್ನು ಬಸ್ಸು, ಲಾರಿಗಳು ಪುಕ್ಕಟೆಯಾಗಿ ಒಕ್ಕಿಕೊಡುತ್ತವೆ. ತ್ರಿಚಕ್ರವೂ ಈ ಸೇವೆಗೆ ಇಳಿದರೆ ಬಳ್ಳಿ ಆಕ್ಸಲ್ಲಿಗೆ ಸುತ್ತಿಕೊಂಡು, ಗ್ರೀಸನ್ನು ಹೀರಿ, ಬಾಲ್ಸುಗಳ ತನಕ ನುಗ್ಗುತ್ತದೆ. ಮಾವ ಚಕ್ರ ಬಿಚ್ಚಿಸಿ, ಹಳೇ ಬ್ಲೇಡಿನಿಂದ ಸುತ್ತು ಕತ್ತರಿಸಿ ತೆಗೆದಾಗ ಬಳ್ಳಿಯ ಜೊತೆ ಒಂದು ಚೆಂಡುಹೂವಿನ ದಾರ, ಯಾರದೋ ಉದ್ದ ಕೂದಲು, ನಾಲ್ಕು ಹುರುಳಿಕಾಳು ಬಂದವು. ಕಾಳುಗಳನ್ನು ಅತ್ತೆ ಕೋಳಿಗೆ ಎಸೆದದ್ದರಿಂದ ಪುರಾವೆ ನಾಶವಾಗಿದೆ.

ಇನ್ನು ಚೈನು. ಇದು ಹಿಗ್ಗುತ್ತದೆಂಬುದು ಪಾಮರರ ಭ್ರಮೆ. ಸವೆಯುವುದು ಪಿನ್ನುಗಳು, ಉದ್ದವಾದಂತೆ ಕಾಣುವುದು ಚೈನು. ಅರ್ಧ ಇಂಚಿನ 24 ಕೊಂಡಿಗಳಿಗೆ ಸರಿಯಾಗಿ 12 ಇಂಚು. ಶಾಲೆಯ ಅಡಿಕೋಲು ಹಿಡಿದಾಗ ಕೊನೆಯ ಪಿನ್ನಿನ ನಡು 12ರ ಗೆರೆಯ ಮೇಲೇ ಕೂತರೆ ಕ್ಷೇಮ. ಇಂಚಿನ ಹದಿನಾರನೇ ಒಂದು ಪಾಲು ಆಚೆ ಸರಿದರೆ ಹೊಸ ಚೈನಿಗೆ ದುಡ್ಡು ಹೊಂದಿಸಬೇಕು. ಎಂಟನೇ ಒಂದು ಪಾಲು ಸರಿದಿದ್ದರೆ ಅದು ಹಲ್ಲುಚಕ್ರವನ್ನೂ ತಿಂದು ತೇಗಿದೆ.

ಎಣ್ಣೆಯ ವಿಷಯದಲ್ಲಿ ಮೂರು ಪಂಥಗಳು. ಸೀಮೆಎಣ್ಣೆ ಪಂಥದವರು ಕೊಳೆಯ ಜೊತೆ ಗ್ರೀಸನ್ನೂ ತೊಳೆದು ಮೋಕ್ಷ ಕೊಡಿಸುತ್ತಾರೆ. ಗ್ಯಾರೇಜಿನ ವೇಸ್ಟ್ ಆಯಿಲ್ ಪಂಥದವರ ಚೈನಿನ ಮೇಲೆ ಚಾಮರಾಜನಗರದ ಕರಿಕಲ್ಲಿನ ದೂಳು ಶಾಶ್ವತವಾಗಿ ನೆಲೆಸುತ್ತದೆ. ಕೊಬ್ಬರಿ ಎಣ್ಣೆ ಪಂಥಕ್ಕೆ ಅತ್ತೆಯೇ ಪೀಠಾಧಿಪತಿ. ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಗಾಳಿ ಬೀಸುವ ಮಾರ್ಗಶಿರದ ಬೆಳಗಿನಲ್ಲಿ ಚೈನು ತುಪ್ಪದ ಗಿಂಡಿಯಂತೆ ಬೆಳ್ಳಗೆ ಕೂತಿರುತ್ತದೆ. ಸಿದ್ಧಾಂತ: ಹೊಲಿಗೆ ಮಿಷನ್ನಿನ ಎಣ್ಣೆ, ಕೊಂಡಿಗೊಂದು ತೊಟ್ಟು, ಮಿಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸುವುದು.

ಸೀಟಿನ ಪ್ರಕರಣಕ್ಕೆ ರಾಜಕೀಯ ಆಯಾಮವಿದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆಂಬ ನಂಬಿಕೆಗೆ ಹೆದರಿ ಎಷ್ಟೋ ಜನ ಈ ಊರಿನ ಕಡೆ ತಲೆಹಾಕಲಿಲ್ಲ. ನಮ್ಮ ಪ್ರಯೋಗದಲ್ಲಿ ಈ ನಂಬಿಕೆ ಅಕ್ಷರಶಃ ನಿಜವಾಗಿದೆ: ಜಿಲ್ಲಾಡಳಿತ ಭವನಕ್ಕೆ ಹೋಗಿಬಂದಾಗಲೆಲ್ಲ ಮಾವನ ಸೀಟಿನ ನಟ್ಟು ಸಡಿಲಾಗಿರುತ್ತದೆ. ಸಿದ್ದರಾಮಯ್ಯನವರು 2013ರಿಂದ ಹಲವು ಸಲ ಬಂದುಹೋಗಿಯೂ ಐದು ವರ್ಷ ಪೂರೈಸಿದ್ದು ಹೇಗೆ ಎಂಬುದು ವಿದ್ವತ್‌ವಲಯಕ್ಕೆ ಸವಾಲಾಗಿತ್ತು. ಅವರ ಕುರ್ಚಿಯಡಿ ಸ್ಪ್ರಿಂಗ್ ವಾಷರ್ ಇತ್ತೆಂಬುದು ನಮ್ಮ ಊಹೆ. ಮಾವನ ಸೀಟಿಗೂ ಹಾಕಿದ್ದೇವೆ. ಫಲಿತಾಂಶ ಮುಂದಿನ ಪೆನ್ಷನ್ ಅರ್ಜಿಯ ಹೊತ್ತಿಗೆ ತಿಳಿಯುತ್ತದೆ.

ಕೊನೆಯದಾಗಿ, ಗಾಡಿ ಸದಾ ಎಡಕ್ಕೆ ಎಳೆಯುವುದೇಕೆ ಎಂಬ ಜಟಿಲ ಪ್ರಶ್ನೆ. ಭೂಮಿಯ ಭ್ರಮಣೆ, ರಸ್ತೆಯ ಇಳಿಜಾರು, ಮಾವನ ಬಲಗೈ ಬಲ ಎಂದು ನಾನು ಮೂರು ಅಧ್ಯಾಯ ಬರೆಯಲು ಕೂತಿದ್ದೆ.

"ಎಡಗಾಲಿಲಿ ಗಾಳಿ ಕಮ್ಮಿ ಅದ ಕಲಾ. ಬರಿಯೋದ ಅತ್ಲಾಗ್ ಮಡಗ್ಬುಟ್ಟು ಪಂಪ್ ತಕ್ಕಬಾ" ಅಂದರು ಮಾವ.

ತಂದೆ. ಪಂಪು ಉಸ್ಸೆಂದಿತೇ ಹೊರತು ಗಾಳಿ ಹೋಗಲಿಲ್ಲ. ಒಳಗಿನ ಚರ್ಮದ ವಾಷರ್ ಒಣಗಿ ಮುದುಡಿತ್ತು. ಬಿಚ್ಚಿ, ಮೆತ್ತಗಾಗಲೆಂದು ಎರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿದ ಮೇಲೇ ಅದು ಕೆಲಸಕ್ಕೆ ಬಂದದ್ದು. ಇದನ್ನು ತಮ್ಮ ಪಂಥದ ದಿಗ್ವಿಜಯವೆಂದು ಅತ್ತೆ ಈಗಾಗಲೇ ಬೀದಿಯ ನಾಲ್ಕಾರು ಮನೆಗಳಲ್ಲಿ ಸಾರಿ ಬಂದಿದ್ದಾರೆ.